ಚಾಕುವಿಗೆ ಚೀಟಿ ಎತ್ತಬೇಡಿ, ಸವಾಲು ಕೂಗಿ!

ಸಾಗರ: ನಮ್ಮ ಕಡೆ ಯಾವುದಾದರೂ ಒಳ್ಳೆ ಕೆಲಸಕ್ಕೆ ದುಡ್ಡು ಬೇಕು ಅಂದರೆ ಜನಕ್ಕೆ ಹೊಳೆಯೋದು ಎರಡೇ ದಾರಿ. ಒಂದು ರಸೀದಿ ಪುಸ್ತಕ, ಇನ್ನೊಂದು ಲಕ್ಕಿ ಡಿಪ್. ರಸೀದಿ ಪುಸ್ತಕ ಕಂಡರೆ ಅಂಗಡಿ ಯಜಮಾನರಿಗೆ ತಕ್ಷಣ ಗೋಡೌನಿನಲ್ಲಿ ಏನೋ ಕೆಲಸ ನೆನಪಾಗುತ್ತದೆ. ಲಕ್ಕಿ ಡಿಪ್ ಚೀಟಿ ಕಂಡರೆ ಮಾತ್ರ ಅದೇ ಯಜಮಾನರು ಕನ್ನಡಕ ಏರಿಸಿ, 'ಏನ್ರಪ್ಪಾ ಬಹುಮಾನ?' ಅಂತ ಕೇಳಿ, ಎರಡು ಚೀಟಿ ಹರಿಸಿಕೊಳ್ಳುತ್ತಾರೆ. ದಾನ ಮಾಡುವ ಕೈಗೂ ಒಂದು ಸಣ್ಣ ಆಸೆ ಬೇಕು. ಇದರಲ್ಲಿ ತಪ್ಪು ಹುಡುಕೋದಕ್ಕೆ ಈ ಲೇಖನ ಅಲ್ಲ.

ಸಾಮಾನ್ಯವಾಗಿ ಇಂಥ ಚೀಟಿಯ ಮೇಲೆ ಮಿಕ್ಸಿ, ಕುಕ್ಕರು, ಗೋಡೆ ಗಡಿಯಾರ, ಸಮಿತಿ ದೊಡ್ಡದಾದರೆ ಬೈಕು ಇರುತ್ತದೆ. ಈ ಸಲ ತಾಲ್ಲೂಕಿನ ಒಂದು ಹಳ್ಳಿಯ ಹುಡುಗರು ಬೇರೆಯದೇ ಯೋಚನೆ ಮಾಡಿದ್ದಾರೆ. ಬಹುಮಾನ ಒಂದು ಚಾಕು. ಜೇಬಿನಲ್ಲಿಡುವ, ಮಡಚುವ ಚಾಕು. ಗೆದ್ದವರ ಹೆಸರನ್ನು ಹಿಡಿಯ ಮೇಲೆ ಕೆತ್ತಿಸಿ ಕೊಡುವ ಚಾಕು. ಚೀಟಿ ಒಂದಕ್ಕೆ 50 ರೂಪಾಯಿ, ಒಟ್ಟು 500 ಚೀಟಿ.

ನಗಬೇಡಿ. ಈ ಚಾಕುವಿನ ಹಿಂದೆ ಒಂದು ಮನೆ ಇದೆ.

ಮರದಿಂದ ಬಿದ್ದ ಕೊನೆಗೌಡ

ಕೊನೆಕೊಯ್ಲಿನ ದಿನಗಳಲ್ಲಿ ಕೊನೆಗೌಡ ಅಂದರೆ ತೋಟದ ರಾಜ. ತಳೆ ಹಾಕಿ ಮರ ಹತ್ತಿದರೆ ಇಳಿಯದೇ ಒಂದು ಮರದಿಂದ ಇನ್ನೊಂದಕ್ಕೆ ಜೀಕಿ ಹೋಗುವವರು. ಕಾರ್ಬನ್ ಫೈಬರ್ ದೋಟಿ ಬಂದ ಮೇಲೆ ನೆಲದ ಮೇಲೆ ನಿಂತೇ ಕೊಯ್ಯುವವರು ಹೆಚ್ಚಾಗಿದ್ದಾರೆ, ನಿಜ. ಆದರೆ ಎಲ್ಲ ತೋಟಕ್ಕೂ ದೋಟಿ ಬಂದಿಲ್ಲ, ಎಲ್ಲ ಮರಕ್ಕೂ ದೋಟಿ ಎಟುಕುವುದಿಲ್ಲ. ಆ ಹಳ್ಳಿಯ ಕೊನೆಗೌಡ ಒಬ್ಬರು ಹೋದ ಕೊಯ್ಲಿನಲ್ಲಿ ಮರದಿಂದ ಬಿದ್ದರು. ಬೆನ್ನುಹುರಿಗೆ ಪೆಟ್ಟು. ಸೊಂಟದ ಕೆಳಗೆ ಬಲ ಇಲ್ಲ. ಹೆಸರು ಬೇಡ ಅಂತ ಮನೆಯವರು ಕೇಳಿಕೊಂಡಿದ್ದಾರೆ, ಹಾಗಾಗಿ ಬರೆಯುತ್ತಿಲ್ಲ.

ಆಸ್ಪತ್ರೆ ಖರ್ಚಿಗೆ ಕಾರ್ಡು ಇದೆಯಲ್ಲ ಅಂತ ನೀವು ಕೇಳಬಹುದು. ಇದೆ. ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆ 2018ರಿಂದ ನಡೆಯುತ್ತಿದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಆದರೆ ಕಷ್ಟ ನಿಜವಾಗಿ ಶುರುವಾಗೋದು ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ. ಅಲುಗಾಡದೆ ಮಲಗಿದವರ ಬೆನ್ನಿಗೆ ಹುಣ್ಣಾಗುತ್ತದೆ. ಅದಾಗಬಾರದು ಅಂದರೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಗಾಳಿ ತುಂಬುವ ಹಾಸಿಗೆ ಬೇಕು, ಗಾಲಿ ಕುರ್ಚಿ ಬೇಕು, ಬಚ್ಚಲಿನ ಹೊಸ್ತಿಲು ಒಡೆದು ಸಮ ಮಾಡಬೇಕು, ವ್ಯಾಯಾಮ ಮಾಡಿಸುವವರು ಬರಬೇಕು. ಹೆಂಡತಿ ಕೂಲಿಗೆ ಹೋದರೆ ಗಂಡನ ಮಗ್ಗುಲು ಬದಲಿಸುವವರಿಲ್ಲ, ಗಂಡನ ಹತ್ತಿರ ಕೂತರೆ ಒಲೆ ಉರಿಯೋದಿಲ್ಲ. ಹುಡುಗರು ಚೀಟಿ ಅಚ್ಚು ಹಾಕಿಸೋಕೆ ಹೊರಟಿದ್ದು ಇದಕ್ಕೆ.

ಲಾರಿ ಪಟ್ಟಿ ಚಾಕುವಾದದ್ದು

ಚಾಕು ಮಾಡಿದವರು ಅದೇ ಊರಿನ ಆಚಾರ್ರು. ಕತ್ತಿ, ಕುಡುಗೋಲು ತಟ್ಟುವ ಕುಲುಮೆ. ಕೊನೆಗೌಡರ ಕತ್ತಿಗೂ ಇವರದೇ ಹದ. 'ಅವನ ಕತ್ತಿ ನಾನು ಮಾಡಿದ್ದು, ಅವನಿಗೋಸ್ಕರ ಒಂದು ಚಾಕು ಮಾಡಿದರೆ ಕೈ ಸವೆಯೋದಿಲ್ಲ' ಅಂದರಂತೆ. ಕೂಲಿ ತಗೊಂಡಿಲ್ಲ.

ನಾನು ಹೋಗಿ ನೋಡಿದೆ. ಅಲಗು ಮೂರು ಇಂಚು. ಕಬ್ಬಿಣ ಎಲ್ಲಿಯದು ಆಚಾರ್ರೇ ಅಂದೆ. ಮೂಲೆಯಲ್ಲಿ ಬಿದ್ದಿದ್ದ ಲಾರಿಯ ಹಳೇ ಸ್ಪ್ರಿಂಗ್ ಪಟ್ಟಿ ತೋರಿಸಿದರು. ಮನೆ ಕಟ್ಟೋ ಸರಳಿನ ಕಬ್ಬಿಣದಲ್ಲಿ ಚಾಕು ಮಾಡಿದರೆ ಧಾರ ನಿಲ್ಲೋದಿಲ್ಲ, ಯಾಕಂದರೆ ಅದರಲ್ಲಿ ಇಂಗಾಲ ಕಡಿಮೆ. ಸ್ಪ್ರಿಂಗ್ ಉಕ್ಕಿನಲ್ಲಿ ನೂರಕ್ಕೆ ಸುಮಾರು 0.6 ಭಾಗ ಇಂಗಾಲ ಇರುತ್ತದೆ, ಹದ ಹಿಡಿಯುತ್ತದೆ. ಕೆಂಪಗೆ ಕಾಯಿಸಿ, ಅಯಸ್ಕಾಂತ ಮುಟ್ಟಿಸಿದರೆ ಅಂಟದ ಹಂತ ದಾಟಿದ ಮೇಲೆ ಎಣ್ಣೆಯಲ್ಲಿ ಅದ್ದಬೇಕು. ಆಗ ಅಲಗು ಗಟ್ಟಿಯೇನೋ ಆಗುತ್ತದೆ, ಆದರೆ ಕೆಳಗೆ ಬಿದ್ದರೆ ಗಾಜಿನ ಹಾಗೆ ಮುರಿಯುತ್ತದೆ. ಮತ್ತೆ ಸಣ್ಣ ಬಿಸಿ ಕೊಟ್ಟು, ಮೈ ಒಣಹುಲ್ಲಿನ ಬಣ್ಣಕ್ಕೆ ತಿರುಗಿದಾಗ ನಿಲ್ಲಿಸಬೇಕು. ಆಗ ಧಾರವೂ ನಿಲ್ಲುತ್ತದೆ, ಅಲಗೂ ಬಾಳುತ್ತದೆ.

ಗುಂಡಿ ಒತ್ತಿದರೆ ಚಿಮ್ಮುವ ಚಾಕು ಅಲ್ಲ ಇದು. ಬೆನ್ನಿಗೆ ಒಂದು ಸ್ಪ್ರಿಂಗು, ಉಗುರು ಸಿಕ್ಕಿಸಿ ಕೈಯಲ್ಲೇ ಬಿಡಿಸಬೇಕು. ಎಲೆಯಡಿಕೆ ಸಂಚಿಯಲ್ಲಿ ಇಟ್ಟುಕೊಂಡರೆ ಹೊಗೆಸೊಪ್ಪಿಗೆ ಆಯ್ತು, ಮಾವಿನ ಹಣ್ಣಿಗೆ ಆಯ್ತು, ಗೊಬ್ಬರದ ಚೀಲದ ದಾರ ಕೊಯ್ಯೋದಕ್ಕೂ ಆಯ್ತು.

ಹಿಡಿಯನ್ನು ಗುಡಿಗಾರರೊಬ್ಬರು ಮಾಡಿಕೊಟ್ಟಿದ್ದಾರೆ. ಸಾಗರ, ಸೊರಬ, ಶಿರಸಿ ಸೀಮೆಯ ಗುಡಿಗಾರರ ಕೈ ಹೇಗೆ ಅಂತ ಹೇಳಬೇಕಾಗಿಲ್ಲ. ಹಳೇ ಮಂಚದ ಕಾಲಿನಿಂದ ತೆಗೆದ ಬೀಟೆ ತುಂಡು. ಅದರ ಮೇಲೆ ಒಂದು ಅಡಿಕೆ ಹಿಂಗಾರ ಕೆತ್ತಿದ್ದಾರೆ. ಹೆಬ್ಬೆರಳು ಸರಿಯಾಗಿ ಅದರ ಮೇಲೇ ಕೂರುತ್ತದೆ. ಪಕ್ಕದಲ್ಲಿ ಹೆಸರಿಗೆ ಜಾಗ ಬಿಟ್ಟಿದ್ದಾರೆ.

ಮೊದಲು ಯಾರೋ ಮನೆಯ ಅಟ್ಟದಲ್ಲಿದ್ದ ಜಿಂಕೆ ಕೊಂಬು ಕೊಡ್ತೇನೆ, ಅದನ್ನೇ ಹಿಡಿ ಮಾಡಿ ಅಂದಿದ್ದರಂತೆ. ಗುಡಿಗಾರರು ಮುಟ್ಟಲಿಲ್ಲ. ಒಳ್ಳೆದಾಯ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅಟ್ಟದ ಮೇಲೂ ಹತ್ತುತ್ತದೆ. 2023ರ ಅಕ್ಟೋಬರಿನಲ್ಲಿ ಹುಲಿಯುಗುರಿನ ಲಾಕೆಟ್ಟಿಗೆ ರಾಜ್ಯದ ತುಂಬಾ ಎಷ್ಟು ರಾದ್ಧಾಂತ ಆಯ್ತು ಅನ್ನೋದು ಮರೆತಿಲ್ಲ ತಾನೆ?

ಚಾಕು ಇಟ್ಟುಕೊಳ್ಳಬಹುದಾ?

ಚಾಕು ಅಂದ ಕೂಡಲೇ ಪೊಲೀಸು ಅಂತ ಹೆದರುವವರು ಇದ್ದಾರೆ. ತಪ್ಪು ಅವರದಲ್ಲ, ಹಿಂದಿ ಸಿನಿಮಾದ್ದು. ವಿಲನ್ ಕೈಯಲ್ಲಿ ಕಟಕಟ ಅಂತ ಬಿಚ್ಚಿಕೊಳ್ಳುವ ರಾಂಪುರಿ ನೋಡಿ ನೋಡಿ ಚಾಕು ಅಂದರೇ ರೌಡಿ ಅಂತಾಗಿದೆ. ಆ ರಾಂಪುರದವರು ಮಾತ್ರ ನಾಚಿಕೊಂಡಿಲ್ಲ. ಉತ್ತರ ಪ್ರದೇಶದ ಆ ಊರಿನಲ್ಲಿ 2023ರಲ್ಲಿ ಸುಮಾರು 20 ಅಡಿ ಉದ್ದದ ಚಾಕು ಮಾಡಿ ವೃತ್ತದಲ್ಲೇ ನಿಲ್ಲಿಸಿದ್ದಾರೆ, ನಮ್ಮ ಊರಿನ ಕಸುಬು ನೋಡಿ ಅಂತ.

ಕಾನೂನು ಹೇಳೋದು ಇಷ್ಟು. ಶಸ್ತ್ರಾಸ್ತ್ರ ನಿಯಮಗಳ ಪಟ್ಟಿಯಲ್ಲಿ ಬರೋದು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಅಲಗಿನ ಕತ್ತಿ, ಚಾಕು, ಕಠಾರಿಗಳು. ಅದರಲ್ಲೂ ಮನೆಗೆಲಸ, ತೋಟದ ಕೆಲಸಕ್ಕೆ ಅಂತಲೇ ಮಾಡಿದ್ದಕ್ಕೆ ವಿನಾಯ್ತಿ. ಮೂರು ಇಂಚಿನ ಮಡಚುವ ಚಾಕು ಇದರ ಹತ್ತಿರಕ್ಕೂ ಬರೋದಿಲ್ಲ. ಹಾಗಂತ ಜಗಳದಲ್ಲಿ ಹೊರಗೆ ತೆಗೆದರೆ ಉದ್ದ ಅಳೆಯೋದಕ್ಕೆ ಯಾರೂ ಟೇಪು ತರೋದಿಲ್ಲ, ಕೇಸು ಬೀಳುತ್ತದೆ. ಇನ್ನೊಂದು ಮಾತು: ಸೋಗಾನೆಯಲ್ಲಿ 2023ರಿಂದ ವಿಮಾನ ನಿಲ್ದಾಣ ಇದೆ. ಅಲ್ಲಿಗೆ ಹೋಗೋರು ಚಾಕುವನ್ನು ಜೇಬಿನಲ್ಲಿಟ್ಟುಕೊಂಡು ಹೋಗಬೇಡಿ, ಕೈಚೀಲದಲ್ಲೂ ಬೇಡ. ಕೆಳಗೆ ಹಾಕಿ ಕಳಿಸುವ ದೊಡ್ಡ ಪೆಟ್ಟಿಗೆಯಲ್ಲಿ ಹಾಕಿ.

ಅಂದರೆ ಚಾಕುವಿನಲ್ಲಿ ತಕರಾರಿಲ್ಲ. ತಕರಾರು ಇರೋದು ಚೀಟಿಯಲ್ಲಿ.

ಚೀಟಿಯ ಹಿಂದಿರುವ ಸೆಕ್ಷನ್

ಹುಡುಗರು ಕರಪತ್ರದ ನಕಲು ಹಿಡಿದು ನಮ್ಮ ಆಫೀಸಿಗೆ ಬಂದಿದ್ದರು. 'ಸಾರ್, ಫ್ರೀಯಾಗಿ ಒಂದು ಬಾಕ್ಸ್ ಹಾಕಿಕೊಡಿ, ಪುಣ್ಯದ ಕೆಲಸ' ಅಂತ.

'ಪರ್ಮಿಶನ್ ತಗೊಂಡಿದ್ದೀರೇನಪ್ಪಾ?'

'ಠಾಣೆಯಲ್ಲಿ ಮೈಕಿಗೆ ಕೇಳಿದೀವಿ ಸಾರ್.'

ಮೈಕಿನ ಪರ್ಮಿಶನ್ ಮೈಕಿಗೆ. ಚೀಟಿಗಲ್ಲ. ನಮ್ಮಲ್ಲಿ ನೂರಕ್ಕೆ ತೊಂಬತ್ತು ಸಮಿತಿಗಳಿಗೆ ಈ ವ್ಯತ್ಯಾಸವೇ ಗೊತ್ತಿಲ್ಲ ಅಂತ ಕಾಣುತ್ತದೆ. ಕರ್ನಾಟಕದಲ್ಲಿ ಲಾಟರಿ 2007ರಲ್ಲಿ ನಿಂತಿತು. ಬಸ್ ಸ್ಟ್ಯಾಂಡಿನಲ್ಲಿ ಒಂದಂಕಿ ಚೀಟಿ ಉಜ್ಜಿ ಕೂಲಿ ದುಡ್ಡು ಕಳಕೊಂಡು ಬರಿಗೈಯಲ್ಲಿ ಮನೆಗೆ ಹೋದವರನ್ನು ನೋಡಿದವರಿಗೆ ಅದು ಯಾಕೆ ನಿಂತಿತು ಅಂತ ಹೇಳಬೇಕಾಗಿಲ್ಲ. ಆದರೆ ನಿಂತಿದ್ದು ಸರ್ಕಾರಿ ಲಾಟರಿ ಮಾತ್ರ, ನಮ್ಮದು ಧರ್ಮದ ಚೀಟಿ ಅಂತ ತಿಳಿದರೆ ತಪ್ಪು. ಖಾಸಗಿ ಲಾಟರಿ ಅದಕ್ಕೂ ಮೊದಲಿನಿಂದಲೇ ಅಪರಾಧ. ಬ್ರಿಟಿಷರ ಕಾಲದ ದಂಡ ಸಂಹಿತೆಗೆ 1870ರಲ್ಲಿ ಸೇರಿಸಿದ 294ಎ ಸೆಕ್ಷನ್ ಅದು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂತಲ್ಲ, ಅದರಲ್ಲಿ 297ನೇ ಸೆಕ್ಷನ್ ಆಗಿದೆ.

ಸರ್ಕಾರದ್ದಲ್ಲದ, ರಾಜ್ಯ ಸರ್ಕಾರ ಅನುಮತಿ ಕೊಡದ ಲಾಟರಿ ಎತ್ತೋದಕ್ಕೆ ಜಾಗ ಇಟ್ಟುಕೊಂಡರೆ ಆರು ತಿಂಗಳವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ಇಂಥ ಚೀಟಿಗೆ ಹಣ ಕೊಡ್ತೇವೆ, ವಸ್ತು ಕೊಡ್ತೇವೆ ಅಂತ ಪ್ರಕಟಣೆ ಮಾಡಿದವರಿಗೆ 5,000 ರೂಪಾಯಿವರೆಗೆ ದಂಡ. ಹಳೇ ಕಾನೂನಿನಲ್ಲಿ ಇದು 1,000 ಇತ್ತು. ಅಂದರೆ ಆ ಬಾಕ್ಸ್ ಹಾಕಿದರೆ ಹುಡುಗರ ಜೊತೆಗೆ ನಮ್ಮ ಸಂಪಾದಕರೂ ಕೋರ್ಟಿನ ಬೆಂಚಿನಲ್ಲಿ ಕೂರಬೇಕಾದೀತು. 'ಧರ್ಮಾರ್ಥ' ಅಂತ ಮೇಲೆ ಅಚ್ಚು ಹಾಕಿಸಿದರೆ ಬಿಡುಗಡೆ ಇಲ್ಲ. 'ದೇಣಿಗೆ ರಸೀದಿ' ಅಂತ ಬರೆದು ಆಮೇಲೆ ಅದೇ ನಂಬರಿನ ಚೀಟಿ ಎತ್ತಿದರೂ ಅದು ಲಾಟರಿಯೇ. ಬರೀ ಹೆಸರು ಬದಲಿಸಿದರೆ ಹಾಗಲಕಾಯಿ ಸೌತೆಕಾಯಿ ಆಗೋದಿಲ್ಲ.

ಪೊಲೀಸರು ಎಲ್ಲಿ ಕೇಸು ಹಾಕ್ತಾರೆ ಬಿಡಿ ಅನ್ನಬಹುದು. ಹಾಕದೇ ಇರಬಹುದು. ಆದರೆ ಊರಿನಲ್ಲಿ ಎರಡು ಪಾರ್ಟಿ ಇರುತ್ತವೆ. ಚೀಟಿ ಎತ್ತಿದ ಸಂಜೆಯೇ 'ಅವನ ಭಾವನಿಗೇ ಬಂತು ನೋಡಿ' ಅಂತ ಗುಸುಗುಸು ಏಳುತ್ತದೆ. ಒಬ್ಬ ಹೋಗಿ ಅರ್ಜಿ ಬರೆದುಕೊಟ್ಟರೆ ಸಾಕು. ಆಗ ಜಪ್ತಿ ಆಗೋದು ಚಾಕು ಮಾತ್ರವಲ್ಲ, ಸಂಗ್ರಹವಾದ ದುಡ್ಡೂ ಹೌದು. ಆ ಗಾಳಿ ಹಾಸಿಗೆ ಯಾವ ಕಾಲಕ್ಕೆ ಬಂದೀತು? ಇನ್ನು ಗೆದ್ದವನಿಗೆ ಬಹುಮಾನ ಕೊಡದೇ ಹೋದರೆ ಅವನು ಕೋರ್ಟಿಗೆ ಹೋಗೋ ಹಾಗೂ ಇಲ್ಲ. 1872ರ ಕರಾರು ಕಾಯ್ದೆಯ 30ನೇ ಸೆಕ್ಷನ್ ಪ್ರಕಾರ ಬಾಜಿಯ ಕರಾರಿಗೆ ಬೆಲೆಯಿಲ್ಲ.

ಲಾಟರಿಯಿಂದ ಒಳ್ಳೇದೇ ಆಗಿಲ್ಲವಾ?

ಆಗಿದೆ, ಸುಳ್ಳು ಹೇಳಬಾರದು. ಕಲ್ಕತ್ತೆಯ ಟೌನ್ ಹಾಲ್ 1813ರಲ್ಲಿ ಎದ್ದು ನಿಂತದ್ದು ಲಾಟರಿ ದುಡ್ಡಿನಲ್ಲಿ. ಪಕ್ಕದ ಕೇರಳದಲ್ಲಿ 1967ರಿಂದ ಸರ್ಕಾರವೇ ಲಾಟರಿ ನಡೆಸುತ್ತಿದೆ. 2011ರಲ್ಲಿ ಕಾರುಣ್ಯ ಅಂತ ಒಂದು ಲಾಟರಿ ಶುರು ಮಾಡಿ, ಅದರ ಲಾಭವನ್ನು ಬಡ ರೋಗಿಗಳ ಚಿಕಿತ್ಸೆಗೆ ಕೊಟ್ಟರು. 2024ರಲ್ಲಿ ಅಲ್ಲಿನ ಓಣಂ ಬಂಪರ್ 25 ಕೋಟಿ ಬಂದದ್ದು ನಮ್ಮ ಮಂಡ್ಯ ಜಿಲ್ಲೆಯವರೊಬ್ಬರಿಗೆ. ಆದರೆ ಅದು ಸರ್ಕಾರದ ಲೆಕ್ಕಪತ್ರ, ಸರ್ಕಾರದ ಜವಾಬ್ದಾರಿ. ನಮ್ಮ ಹುಡುಗರ ಲೆಕ್ಕಪತ್ರ ಇರೋದು ಸ್ಕೂಲಿನ ಹಳೇ ನೋಟ್ ಬುಕ್ಕಿನಲ್ಲಿ.

ಇನ್ನು ಲೆಕ್ಕಕ್ಕೇ ಬರೋಣ. 50 ರೂಪಾಯಿಯ 500 ಚೀಟಿ ಅಂದರೆ 25,000. ಕೇಳೋಕೆ ಚೆನ್ನ. ಆದರೆ ಒಂದೊಂದು ಪುಸ್ತಕ ಒಬ್ಬೊಬ್ಬನ ಕೈಗೆ ಹೋಗುತ್ತದೆ. ಇಬ್ಬರು ಪುಸ್ತಕ ವಾಪಸು ತರೋದಿಲ್ಲ. ಒಬ್ಬ ಚೀಟಿ ಮಾರಿರುತ್ತಾನೆ, ದುಡ್ಡು ಆಮೇಲೆ ಅಂತಾನೆ. ಮಾರಾಟವಾಗದ ಚೀಟಿಯ ನಂಬರೇ ಮೇಲೆ ಬಂದರೆ ಏನು ಮಾಡೋದು? ಮತ್ತೆ ಎತ್ತಿದರೆ ಮೋಸ ಅಂತಾರೆ, ಎತ್ತದಿದ್ದರೆ ಸಮಿತಿಯವರೇ ಇಟ್ಟುಕೊಂಡರು ಅಂತಾರೆ. ಚೀಟಿ ಹಂಚುವಾಗ ಸ್ಕೂಲ್ ಮಕ್ಕಳಿಗೂ ಮಾರಿರುತ್ತಾರೆ. ಐದನೇ ಕ್ಲಾಸಿನ ಹುಡುಗನಿಗೆ ಬಂದರೆ ಅವನ ಕೈಗೆ ಚಾಕು ಕೊಟ್ಟು ಫೋಟೋ ತೆಗೆಸ್ತೀರಾ?

ನಮ್ಮ ಹಳೇ ದಾರಿಯೇ ಸರಿ

ಇದಕ್ಕೆ ಉತ್ತರ ನಮ್ಮ ಊರಿನ ಗಣಪತಿ ಪೆಂಡಾಲಿನಲ್ಲೇ ಇದೆ. ಗಣಪತಿ ನೀರಿಗೆ ಬಿಡೋ ಮುಂಚೆ ಫಲಾವಳಿ ಸವಾಲು ಕೂಗೋದಿಲ್ಲವೇ? ಪೇಟೆಯಲ್ಲಿ ಮೂವತ್ತು ರೂಪಾಯಿಯ ತೆಂಗಿನಕಾಯಿ ಅಲ್ಲಿ ಸಾವಿರಕ್ಕೆ ಹೋಗುತ್ತದೆ. ಹಿಡಿದವನು ದಡ್ಡನಲ್ಲ. ಕಾಯಿಗೆ ಕೊಟ್ಟ ದುಡ್ಡು ಮೂವತ್ತು, ದೇವರಿಗೆ ಕೊಟ್ಟಿದ್ದು ಉಳಿದದ್ದು, ನಾಲ್ಕು ಜನರ ಎದುರು ಕೊಟ್ಟೆ ಅನ್ನೋ ಹೆಮ್ಮೆ ಮೇಲಿನದ್ದು. ಇಲ್ಲಿ ಅದೃಷ್ಟದ ಮಾತಿಲ್ಲ. ಎಷ್ಟು ಕೊಡ್ತೀಯ ಅಂತ ಊರೇ ಕೇಳುತ್ತದೆ, ಊರೇ ಕಿವಿ ಕೊಡುತ್ತದೆ.

ಕಾನೂನಿಗೂ ಇದು ಸರಿ. ಸವಾಲು ಅಂದರೆ ಮಾಮೂಲಿ ಮಾರಾಟ. 1930ರ ಸರಕು ಮಾರಾಟ ಕಾಯ್ದೆಯ 64ನೇ ಸೆಕ್ಷನ್ನಿನಲ್ಲಿ ಅದರ ರೀತಿ ರಿವಾಜು ಬರೆದಿದೆ. ಸುತ್ತಿಗೆ ಬಿದ್ದ ಕ್ಷಣಕ್ಕೆ ಮಾರಾಟ ಮುಗಿಯಿತು. ಅಲ್ಲಿಯವರೆಗೆ ಕೂಗಿದವನು ಹಿಂದೆ ಸರಿಯಬಹುದು. ಬೆಲೆ ಏರಿಸೋದಕ್ಕೆ ಸಮಿತಿಯವರು ತಮ್ಮದೇ ಜನರನ್ನು ಗುಟ್ಟಾಗಿ ಗುಂಪಿನಲ್ಲಿ ನಿಲ್ಲಿಸಿ ಕೂಗಿಸುವ ಹಾಗಿಲ್ಲ. ಹಾಗೆ ಮಾಡಿದ್ದು ಗೊತ್ತಾದರೆ ಕೊಂಡವನು ಅದನ್ನು ಮೋಸ ಅಂತ ತಿರಸ್ಕರಿಸಬಹುದು. ಮೊದಲ ಕೂಗಿನ ಬೆಲೆ ಇಷ್ಟು ಅಂತ ಬಹಿರಂಗವಾಗಿ ಹೇಳಿ ಶುರು ಮಾಡಿದರೆ ಆಯ್ತು.

ನಾನು ಇದನ್ನು ಹೇಳಿದಾಗ ಹುಡುಗರಲ್ಲಿ ಒಬ್ಬ ಎದುರು ಮಾತಾಡಿದ. 'ಸವಾಲಾದರೆ ಅಡಿಕೆ ಸಾಹುಕಾರರೇ ಹಿಡೀತಾರೆ ಸಾರ್. ಐವತ್ತು ರೂಪಾಯಿ ಕೊಡೋ ನಮ್ಮ ಕೂಲಿ ಜನ ಏನು ಮಾಡಬೇಕು? ಅವರೂ ಕೊಟ್ಟೆವು ಅನ್ನಬೇಕಲ್ಲ?'

ಮಾತು ನ್ಯಾಯದ್ದು. ಆ ಕೊನೆಗೌಡರ ಜೊತೆ ತೋಟದಲ್ಲಿ ದುಡಿದವರು ಸಾಹುಕಾರರಲ್ಲ, ಈ ಐವತ್ತು ರೂಪಾಯಿ ಜನವೇ. ಅದಕ್ಕೆ ಉಪಾಯ: ಎರಡನ್ನೂ ಬೇರೆ ಮಾಡಿ. ಐವತ್ತು ರೂಪಾಯಿಗೆ ಬರೀ ರಸೀದಿ ಕೊಡಿ. ಅದರ ಮೇಲೆ ಬಹುಮಾನದ ಮಾತು ಬೇಡ, ಎತ್ತುವ ನಂಬರೂ ಬೇಡ. ಚಾಕುವನ್ನು ಸವಾಲಿಗೆ ಇಡಿ. ರಸೀದಿ ಹರಿಸಿದವರೆಲ್ಲ ಸವಾಲು ನೋಡೋಕೆ ಬರ್ತಾರೆ. ಅವರ ಎದುರು ಸಾಹುಕಾರರು ಸಾವಿರದಲ್ಲಿ ನಿಲ್ಲಿಸೋಕೆ ಸಂಕೋಚಪಡ್ತಾರೆ. ಹತ್ತು ಜನ ಕೂಲಿಯವರು ಸೇರಿ ಒಂದೇ ಕೂಗು ಹಾಕಬಾರದು ಅಂತಲೂ ಎಲ್ಲೂ ಇಲ್ಲ.

ಆಚಾರ್ರಿಗೂ ಇದು ಒಪ್ಪಿಗೆಯಾದ ಹಾಗಿದೆ. 'ಚೀಟಿಯಲ್ಲಿ ಬಂದ ಚಾಕುವನ್ನು ಮೂಲೆಗೆ ಎಸೀತಾರೆ. ಕೂಗಿ ಹಿಡಿದವನು ಸಾಣೆ ಹಿಡಿಸೋಕೆ ನನ್ನ ಹತ್ರವೇ ಬರ್ತಾನೆ' ಅಂತ ನಕ್ಕರು.

ಮಾಡೋರಿಗೆ ನಾಲ್ಕು ಮಾತು

ಈ ಹಳ್ಳಿಯೊಂದೇ ಅಲ್ಲ, ಇಂಥ ಕೆಲಸಕ್ಕೆ ಹೊರಡುವ ಎಲ್ಲ ಸಮಿತಿಯವರಿಗೂ ಹೇಳೋದು ಇದು.

ದುಡ್ಡು ಬೀಳೋ ಖಾತೆ ಮನೆಯವರದ್ದೇ ಇರಲಿ. ಕರಪತ್ರದ ಮೇಲೆ ಹಾಕುವ ಕ್ಯೂಆರ್ ಚಿತ್ರ ಆ ಹೆಂಗಸಿನ ಖಾತೆಯದ್ದಾಗಿರಲಿ, ಕಾರ್ಯದರ್ಶಿಯ ಸ್ವಂತ ಫೋನಿನದ್ದು ಬೇಡ. ಎಷ್ಟೇ ಪ್ರಾಮಾಣಿಕನಾದರೂ ಅವನ ಫೋನಿಗೆ ಬಂದ ದುಡ್ಡು ಊರ ಬಾಯಿಗೆ ಆಹಾರ.

ರಸೀದಿ ಪುಸ್ತಕಕ್ಕೆ ಪ್ರತಿ ಇರಲಿ, ನಂಬರು ಇರಲಿ. ಯಾವ ಪುಸ್ತಕ ಯಾರ ಕೈಗೆ ಹೋಯ್ತು ಅಂತ ಮೊದಲೇ ಬರೆದು ಸಹಿ ಹಾಕಿಸಿ. ಬಾರದ ಪುಸ್ತಕದ ಹೆಸರನ್ನು ಹಾಲಿನ ಡೈರಿ ಗೋಡೆಗೆ ಅಂಟಿಸಿ, ಮಾರನೇ ಬೆಳಗ್ಗೆಯೇ ಬರುತ್ತದೆ.

ಸವಾಲಿನ ದುಡ್ಡು ಅಲ್ಲೇ, ಆಗಲೇ. ಗಣಪತಿ ಸವಾಲಿನ ಹಾಗೆ ಮುಂದಿನ ವರ್ಷದ ಹಬ್ಬಕ್ಕೆ ಕೊಡ್ತೇನೆ ಅನ್ನೋ ಪದ್ಧತಿ ಇಲ್ಲಿ ನಡೆಯೋದಿಲ್ಲ. ಗಣಪತಿ ಕಾಯ್ತಾನೆ, ಬೆನ್ನಿನ ಹುಣ್ಣು ಕಾಯೋದಿಲ್ಲ. ಹಿಡಿದವರು ವಯಸ್ಕರಾಗಿರಲಿ. ಚಾಕುವನ್ನು ಮಡಚಿಯೇ ಕೈಗೆ ಕೊಡಿ.

ದುಡ್ಡು ಬಂದ ಮೇಲೆ ಏನೇನು ತಂದಿರಿ ಅನ್ನೋದನ್ನು ಬಿಲ್ ಸಮೇತ ತೋರಿಸಿ. ಅಂಗವಿಕಲರ ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕಿಸೋದು, ಸರ್ಕಾರದಿಂದ ಗಾಲಿ ಕುರ್ಚಿ ಸಿಗುತ್ತದಾ ಅಂತ ವಿಚಾರಿಸೋದು ಇದೆಲ್ಲ ಸಮಿತಿಯವರೇ ಓಡಾಡಿ ಮಾಡಲಿ. ಅದಕ್ಕೆ ಚಂದಾ ಬೇಕಾಗಿಲ್ಲ, ಎರಡು ದಿನ ಪುರುಸೊತ್ತು ಸಾಕು. ಕುರ್ಚಿ ಸರ್ಕಾರದಿಂದ ಬಂದರೆ ಆ ದುಡ್ಡು ಹಾಸಿಗೆಗೆ ಆಯ್ತು.

ಇಷ್ಟು ಮಾಡಿ ಸವಾಲಿನ ದಿನ ಗೊತ್ತು ಮಾಡಿಕೊಂಡು ಬಂದರೆ, ಚೀಟಿಗೆ ಹಾಕಲಾಗದ ಬಾಕ್ಸನ್ನು ಸವಾಲಿಗೆ ಧಾರಾಳವಾಗಿ ಹಾಕ್ತೇವೆ ಅಂತ ನಮ್ಮ ಸಂಪಾದಕರು ಒಪ್ಪಿದ್ದಾರೆ. ಸವಾಲು ಮುಗಿದ ವಾರದಲ್ಲಿ ಜಮಾ ಖರ್ಚನ್ನೂ ಇದೇ ಅಂಕಣದಲ್ಲಿ ಪೈಸೆ ಬಿಡದೆ ಅಚ್ಚು ಹಾಕ್ತೇವೆ. ಐವತ್ತು ರೂಪಾಯಿ ಕೊಟ್ಟವರು ಅದರಲ್ಲಿ ತಮ್ಮ ರಸೀದಿ ನಂಬರು ಹುಡುಕಿ ನೋಡಬಹುದು.